ಹಲವು ಶಾಲೆ, ಒಂದೇ ಹೊಳೆ

ಬೆಳಗಿನ ಹೊತ್ತು ಬೇತಮಂಗಲದ ಕೆರೆ ಏರಿಯ ಮೇಲೆ ನಿಂತರೆ ಒಂದು ಕಡೆ ಕಣ್ಣು ಹಾಯುವವರೆಗೆ ನೀರು, ಇನ್ನೊಂದು ಕಡೆ ಹಸಿರು ಅಚ್ಚುಕಟ್ಟು. ಹೊರಗಿನಿಂದ ಬಂದವರು ಇದನ್ನೊಂದು ದೊಡ್ಡ ಕೆರೆ ಎಂದುಕೊಂಡು ಹೋಗುತ್ತಾರೆ. ಊರಿನವರಿಗೆ ಗೊತ್ತು, ಇದು ಹೊಳೆ. ಪಾಲಾರ್ ನದಿಗೆ ಅಡ್ಡಲಾಗಿ ಏರಿ ಕಟ್ಟಿ, ಹರಿಯುವ ನೀರನ್ನು ಒಂದಷ್ಟು ಕಾಲ ಇಲ್ಲೇ ನಿಲ್ಲು ಎಂದು ಹಿರಿಯರು ಕೇಳಿಕೊಂಡ ಜಾಗ ಇದು. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಒಡೆದ ಕೆರೆಯನ್ನು 10ನೇ ಶತಮಾನದಲ್ಲಿ ನೊಳಂಬರ ಕಾಲದಲ್ಲೂ 12ನೇ ಶತಮಾನದಲ್ಲಿ ಹೊಯ್ಸಳರ ಕಾಲದಲ್ಲೂ ದುರಸ್ತಿ ಮಾಡಿಸಿದ್ದನ್ನು ಶಾಸನಗಳು ಹೇಳುತ್ತವೆ. ಮುಂದೆ ಕೋಲಾರದ ಚಿನ್ನದ ಗಣಿಗಳು ಬೆಳೆದಾಗ, ಬಾವಿ ತೋಡಿದರೂ ನೀರು ಸಾಲದ ಆ ಗಣಿ ಊರಿನ ಬಾಯಾರಿಕೆಗೆ ಒದಗಿದ್ದೂ ಇದೇ ಬೇತಮಂಗಲದ ನೀರು. ನೆಲದಡಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಚಿನ್ನ ತೆಗೆದ ಕಾರ್ಮಿಕರ ಮನೆಗಳಿಗೆ ಕೊಳವೆಯಲ್ಲಿ ಹೋದದ್ದು ಪಾಲಾರ್.

ಈ ಅಧ್ಯಾಯ ಆ ನೀರಿನ ಗುಣದ ಬಗ್ಗೆ, ಮತ್ತು ಅದನ್ನು ಅಳೆಯಬಲ್ಲ ಮಕ್ಕಳ ಬಗ್ಗೆ. ಒಂದು ಶಾಲೆಯ ಮಕ್ಕಳಲ್ಲ. ಹೊಳೆಯ ಉದ್ದಕ್ಕೂ ಇರುವ ಬೇರೆ ಬೇರೆ ಊರು, ಬೇರೆ ಬೇರೆ ಭಾಷೆಯ ಶಾಲೆಗಳ ಮಕ್ಕಳು.

ಒಂದು ಚೊಂಬು ನೀರು ಎಷ್ಟು ಹೇಳೀತು?

ಪಾಲಾರ್ ಹುಟ್ಟುವುದು ಚಿಂತಾಮಣಿ ತಾಲ್ಲೂಕಿನ ತಲಗವಾರದ ಬಳಿ. ಕರ್ನಾಟಕದಲ್ಲಿ 93 ಕಿಲೋಮೀಟರ್, ಆಂಧ್ರಪ್ರದೇಶದಲ್ಲಿ 33, ತಮಿಳುನಾಡಿನಲ್ಲಿ 222, ಒಟ್ಟು 348 ಕಿಲೋಮೀಟರ್ ಹರಿದು ಕಲ್ಪಾಕ್ಕಂ ಹತ್ತಿರದ ವಯಲೂರಿನಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಬೇತಮಂಗಲ ದಾಟಿದ ಮೇಲೆ ರಾಮಸಾಗರದ ಕೆರೆ, ಆಮೇಲೆ ಕುಪ್ಪಂ ಸೀಮೆ, ಅಲ್ಲಿಂದ ಕೆಳಗೆ ವಾಣಿಯಂಬಾಡಿ, ಆಂಬೂರು, ವೆಲ್ಲೂರು, ವಾಲಾಜಾಪೇಟೆ, ಕಾಂಚೀಪುರ, ಚೆಂಗಲ್ಪಟ್ಟು. ಮೂರು ರಾಜ್ಯ, ಮೂರು ಭಾಷೆ, ಒಂದು ಪಾತ್ರ.

ಈಗ ಬೇತಮಂಗಲದ ಮಕ್ಕಳು ಒಂದು ಚೊಂಬು ನೀರು ಮೊಗೆದು, ಅದರಲ್ಲಿ ಕರಗಿದ ಲವಣ ಲೀಟರಿಗೆ 600 ಮಿಲಿಗ್ರಾಂ ಎಂದು ಕಂಡುಕೊಂಡರು ಎಂದಿಟ್ಟುಕೊಳ್ಳಿ. ಇದರಿಂದ ಏನು ತಿಳಿಯಿತು? ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಒಪ್ಪುವ ಮಿತಿ 500, ಬೇರೆ ಮೂಲ ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಅಂದರೆ ಈ ನೀರಿನಲ್ಲಿ ಲವಣ ಸ್ವಲ್ಪ ಹೆಚ್ಚು, ಅಷ್ಟೆ. ಈ ಲವಣ ಬಂಡೆಯಿಂದ ಬಂತೋ, ಗೊಬ್ಬರದಿಂದ ಬಂತೋ, ಊರಿನ ಚರಂಡಿಯಿಂದ ಬಂತೋ ಆ ಒಂದು ಸಂಖ್ಯೆ ಹೇಳುವುದಿಲ್ಲ. ಮೇಲಿನ ಊರಿನಲ್ಲಿ ಅದೇ ದಿನ 300, ಕೆಳಗಿನ ಊರಿನಲ್ಲಿ 610 ಎಂದು ಗೊತ್ತಾದರೆ ಚಿತ್ರವೇ ಬದಲಾಗುತ್ತದೆ. ಏರಿಕೆ ನಡೆದದ್ದು ಮೇಲಿನ ಊರಿಗೂ ಬೇತಮಂಗಲಕ್ಕೂ ನಡುವೆ. ಅಲ್ಲಿ ಹೋಗಿ ಹುಡುಕಬೇಕು. ಹೊಳೆಯ ಕಥೆ ಇರುವುದು ಸಂಖ್ಯೆಯಲ್ಲಿ ಅನ್ನುವುದಕ್ಕಿಂತ ನೆರೆಹೊರೆಯ ಸಂಖ್ಯೆಗಳ ನಡುವಿನ ಅಂತರದಲ್ಲಿ. ಆ ಅಂತರ ಕಾಣಬೇಕಾದರೆ ನೆರೆಯ ಊರಿನಲ್ಲೂ ಯಾರಾದರೂ ಅದೇ ದಿನ ನೀರಿಗೆ ಕೈ ಹಾಕಿರಬೇಕು.

ಹ್ಯೂರನ್ ದಡದ ಹುಡುಗರು

ಇದನ್ನು ಪ್ರಪಂಚಕ್ಕೆ ಮಾಡಿ ತೋರಿಸಿದವರು ಅಮೆರಿಕದ ಮಿಶಿಗನ್ ರಾಜ್ಯದ ಶಾಲಾ ಮಕ್ಕಳು. 1984ರಲ್ಲಿ ಆ್ಯನ್ ಆರ್ಬರ್ ಊರಿನ ಹ್ಯೂರನ್ ಹೈಸ್ಕೂಲಿನ ಕೆಲವು ವಿದ್ಯಾರ್ಥಿಗಳು ತಮ್ಮ ಶಾಲೆಯ ಹತ್ತಿರದ ಹ್ಯೂರನ್ ನದಿಯಲ್ಲಿ ಆಟವಾಡಿ ಬಂದ ಮೇಲೆ ಕಾಮಾಲೆ ಹತ್ತಿಸಿಕೊಂಡರು. ಹೆಪಟೈಟಿಸ್-ಎ ಎಂಬ ಈ ಕಾಮಾಲೆ ಮಲ ಬೆರೆತ ನೀರಿನಿಂದ ಹರಡುವಂಥದ್ದು. ನದಿ ನೋಡಲು ತಿಳಿಯಾಗಿಯೇ ಇತ್ತು. ಮಕ್ಕಳು, ಅವರ ಶಿಕ್ಷಕರು, ಮಿಶಿಗನ್ ವಿಶ್ವವಿದ್ಯಾಲಯದ ಪರಿಸರ ಶಿಕ್ಷಣದ ಪ್ರಾಧ್ಯಾಪಕ ವಿಲಿಯಂ ಸ್ಟ್ಯಾಪ್ ಸೇರಿ ನದಿಯ ನೀರನ್ನು ತಾವೇ ಪರೀಕ್ಷಿಸುವುದೆಂದು ತೀರ್ಮಾನಿಸಿದರು. ಕಾಯಿಲೆ ಬಿದ್ದವರು ತಮ್ಮ ಗೆಳೆಯರೇ ಆದ್ದರಿಂದ, ರಸಾಯನಶಾಸ್ತ್ರದ ಪಾಠ ಇದ್ದಕ್ಕಿದ್ದಂತೆ ಮನೆಯ ವಿಷಯವಾಗಿಬಿಟ್ಟಿತು.

1987ರಲ್ಲಿ ಸ್ಟ್ಯಾಪ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಡೆಟ್ರಾಯಿಟ್ ನಗರದ ರೂಜ್ ನದಿ ಮೇಲ್ಭಾಗದಲ್ಲಿ ಅನುಕೂಲಸ್ಥರ ಬಡಾವಣೆಗಳನ್ನೂ ಕೆಳಭಾಗದಲ್ಲಿ ಕಾರ್ಖಾನೆಗಳನ್ನೂ ದುಡಿಯುವವರ ಕೇರಿಗಳನ್ನೂ ಹಾದುಹೋಗುತ್ತದೆ. ಎಣ್ಣೆ ಎಷ್ಟು ಸೇರಿತ್ತೆಂದರೆ 1969ರಲ್ಲಿ ಆ ನದಿಗೆ ಬೆಂಕಿಯೇ ಹತ್ತಿಕೊಂಡಿತ್ತು. ದಡದ ಶಾಲೆಗಳು ಒಂದೇ ಅವಧಿಯಲ್ಲಿ ಒಂದೇ ವಿಧಾನದಲ್ಲಿ ನೀರು ಪರೀಕ್ಷಿಸಿದವು, ಫಲಿತಾಂಶಗಳನ್ನು ಕಂಪ್ಯೂಟರ್ ಮೂಲಕ ಪರಸ್ಪರ ಕಳಿಸಿಕೊಂಡವು. ಇಂದಿನ ಇಂಟರ್‌ನೆಟ್ ಮನೆಮನೆಗೆ ಬರುವ ಮುಂಚಿನ ಮಾತು ಇದು. ಎಂದೂ ಭೇಟಿಯಾಗದ ಎರಡು ಕೇರಿಗಳ ಮಕ್ಕಳು ತಾವು ಒಂದೇ ನೀರಿನ ಮೇಲೆ ಕೂತಿದ್ದೇವೆ ಎಂಬುದನ್ನು ಅಂಕಿಗಳಲ್ಲಿ ಕಂಡರು. 1989ರ ಹೊತ್ತಿಗೆ ಇದು ‘ಗ್ರೀನ್’ ಎಂಬ ಹೆಸರಿನ, ನದಿಗಳ ಶಿಕ್ಷಣದ ಜಾಗತಿಕ ಜಾಲವಾಗಿ ಬೆಳೆಯಿತು. 1995ರಿಂದ ‘ಗ್ಲೋಬ್’ ಎಂಬ ಇನ್ನೊಂದು ಕಾರ್ಯಕ್ರಮ ಹಲವು ದೇಶಗಳ ಶಾಲೆಗಳ ಗಾಳಿ, ಮಣ್ಣು, ನೀರಿನ ಅಳತೆಗಳನ್ನು ಒಂದೇ ತೆರೆದ ಕಣಜಕ್ಕೆ ತುಂಬುತ್ತ ಬಂದಿದೆ. 2000ದಲ್ಲಿ ಭಾರತವೂ ಅದನ್ನು ಸೇರಿತು. ನಮ್ಮಲ್ಲಿ 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಊರ ಕೆರೆ, ಬಾವಿಯ ನೀರನ್ನು ಅಳೆದ ಯೋಜನೆಗಳನ್ನು ಹಿಡಿದು ನಿಲ್ಲುವ ಮಕ್ಕಳಿಗೆ ಕೊರತೆಯಿಲ್ಲ. ಅಳೆಯುವ ಕೈಗಳು ನಮ್ಮಲ್ಲಿವೆ. ಕೈಗೆ ಕೈ ಸೇರಿಸುವ ಕೆಲಸ ಬಾಕಿ.

ಸೀಸೆಯೊಳಗಿನ ಚಿನ್ನದ ಬಣ್ಣ

ಅಳತೆ ಎಂದರೆ ಏನೆಂದು ಹತ್ತಿರದಿಂದ ನೋಡೋಣ. ನೀರಿನ ಆರೋಗ್ಯದ ಮೊದಲ ಗುರುತು ಅದರಲ್ಲಿ ಕರಗಿರುವ ಆಮ್ಲಜನಕ. ಮೀನು ಉಸಿರಾಡುವುದು ಇದನ್ನೇ. ಇದನ್ನು ಅಳೆಯುವ ವಿಧಾನವನ್ನು ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟ. ನಾನು ಇದನ್ನು ಮೊದಲ ಸಲ ಮಾಡಿದ್ದು ಕಾಲೇಜಿನ ಪ್ರಯೋಗಾಲಯದಲ್ಲಿ. ಅದರ ಬಣ್ಣಗಳು ಇನ್ನೂ ಕಣ್ಣಲ್ಲಿವೆ.

ಗಾಜಿನ ಮುಚ್ಚಳವಿರುವ 300 ಮಿಲಿಲೀಟರ್ ಸೀಸೆಯನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ನೀರೊಳಗೇ ಮುಚ್ಚಳ ಹಾಕಬೇಕು. ಗುಳ್ಳೆ ಉಳಿದರೆ ಅದರೊಳಗಿನ ಗಾಳಿಯೇ ನೀರಿಗೆ ಸೇರಿ ಲೆಕ್ಕ ಕೆಡಿಸುತ್ತದೆ. ದಡಕ್ಕೆ ಬಂದು, ಪಿಪೆಟ್ಟಿನ ತುದಿಯನ್ನು ನೀರಿನ ಮಟ್ಟದ ಕೆಳಗಿಟ್ಟು, 2 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, 2 ಮಿಲಿಲೀಟರ್ ಕ್ಷಾರೀಯ ಅಯೋಡೈಡ್ ಹಾಕಬೇಕು. ಮುಚ್ಚಿ, ಸೀಸೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಒಳಗೆ ಮೋಡದಂತೆ ಗಸಿ ಕಟ್ಟುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಗಸಿ ಕಂದು, ಇಲ್ಲದಿದ್ದರೆ ಬಿಳಿ. ಸತ್ತ ನೀರನ್ನು ಕಣ್ಣಾರೆ ಕಾಣುವುದು ಈ ಬಿಳಿಯಲ್ಲೇ. ಗಸಿ ತಳಕ್ಕಿಳಿದ ಮೇಲೆ ಶಿಕ್ಷಕರು ಗಂಧಕಾಮ್ಲವನ್ನು ಸೇರಿಸುತ್ತಾರೆ. ಈ ಹೆಜ್ಜೆ ಮಕ್ಕಳ ಕೈಗೆ ಬೇಡ. ಕಂದು ಗಸಿ ಕರಗಿ ಸೀಸೆ ತುಂಬ ಚಿನ್ನದ ಬಣ್ಣ ತುಂಬಿಕೊಳ್ಳುತ್ತದೆ. ನೀರಿನಲ್ಲಿದ್ದ ಆಮ್ಲಜನಕದ ಪ್ರತಿಯೊಂದು ಪಾಲೂ ತನ್ನ ಲೆಕ್ಕಕ್ಕೆ ಸರಿಯಾಗಿ ಅಯೋಡಿನ್ ಬಿಡಿಸಿದೆ. ಆ ಹೊಂಬಣ್ಣ ಅಯೋಡಿನ್‌ನದು.

ಇನ್ನು ಲೆಕ್ಕ. ಇದರಲ್ಲಿ 200 ಮಿಲಿಲೀಟರ್ ಅಳೆದು, ಮೇಲಿನಿಂದ ಸೋಡಿಯಂ ಥಯೋಸಲ್ಫೇಟ್ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ಬಣ್ಣ ತಿಳಿ ಹಳದಿಗೆ ಬಂದಾಗ ಒಂದಿಷ್ಟು ಗಂಜಿ ದ್ರಾವಣ ಹಾಕಿದರೆ ಇಡೀ ದ್ರವ ಕಡುನೀಲಿ. ಮತ್ತೆ ಹನಿ, ಮತ್ತೆ ಹನಿ. ಯಾವ ಹನಿಗೆ ನೀಲಿ ಮಾಯವಾಗುತ್ತದೋ ಅಲ್ಲಿಗೆ ನಿಲ್ಲಿಸಬೇಕು. ದ್ರಾವಣದ ಸಾರ 0.025 ನಾರ್ಮಲ್ ಇದ್ದರೆ ಲೆಕ್ಕ ಬಲು ಸಲೀಸು: ಖರ್ಚಾದ ಪ್ರತಿ ಮಿಲಿಲೀಟರಿಗೆ ಲೀಟರಿನಲ್ಲಿ ಒಂದು ಮಿಲಿಗ್ರಾಂ ಆಮ್ಲಜನಕ. ಏಳು ಮಿಲಿಲೀಟರ್ ಖರ್ಚಾದರೆ ಏಳು. ಸ್ನಾನಕ್ಕೆ ಯೋಗ್ಯ ಎನ್ನಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೇಳುವುದು ಕನಿಷ್ಠ 5, ಮೀನುಗಳಿಗೆ ಕನಿಷ್ಠ 4.

ಗಡಿಯಾರ, ಎತ್ತರ, ಮೀಟರು

ಹೀಗೆ ಒಂದು ಶಾಲೆ ಅಳೆಯಿತು. ಎರಡನೆಯ ಶಾಲೆ ಸೇರಿದ ಕೂಡಲೇ ಕಷ್ಟ ಶುರು. ಬೇತಮಂಗಲದ ಕೆರೆಯನ್ನೇ ತೆಗೆದುಕೊಳ್ಳಿ. ಒಂದು ತಂಡ ಬೆಳಿಗ್ಗೆ ಆರಕ್ಕೆ, ಇನ್ನೊಂದು ತಂಡ ಮಧ್ಯಾಹ್ನ ಮೂರಕ್ಕೆ ಅಳೆದರೆ ಎರಡು ಬೇರೆ ಕೆರೆಗಳನ್ನು ಅಳೆದಷ್ಟು ವ್ಯತ್ಯಾಸ ಬರಬಹುದು. ಹಗಲಲ್ಲಿ ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಅದನ್ನು ಉಸಿರಾಡಿ ಮುಗಿಸುತ್ತವೆ. ಹಸಿರು ಹೆಚ್ಚಿದ ಕೆರೆಗಳಲ್ಲಿ ಮೀನುಗಳು ನಸುಕಿನಲ್ಲಿ ಬಾಯಿ ತೆರೆದು ಮೇಲಕ್ಕೆ ಬರುವುದು, ಕೆಲವೊಮ್ಮೆ ರಾಶಿ ರಾಶಿ ಸಾಯುವುದು ಇದಕ್ಕೇ. ಮಧ್ಯಾಹ್ನದ ಅಳತೆಯಲ್ಲಿ ಆ ಕೆರೆ ಆರೋಗ್ಯವಂತ. ನಸುಕಿನ ಅಳತೆಯಲ್ಲಿ ಮರಣಶಯ್ಯೆಯಲ್ಲಿ. ಆದ್ದರಿಂದ ಮೊದಲ ಒಪ್ಪಂದ ಗಡಿಯಾರದ್ದು: ಎಲ್ಲ ಶಾಲೆಗಳೂ ಒಂದೇ ಹೊತ್ತಿಗೆ.

ಎರಡನೆಯದು ಎತ್ತರ. ಸಮುದ್ರ ಮಟ್ಟದಲ್ಲಿ, 25 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಶುದ್ಧ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8.3 ಮಿಲಿಗ್ರಾಂ. ಬೇತಮಂಗಲವಿರುವ, ಕೋಲಾರ ಚಿನ್ನದ ಗಣಿಗಳ ಕೆಜಿಎಫ್ ಸೀಮೆ 800 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಅದೇ ಬಿಸಿಯ ನೀರು ಹಿಡಿಯುವುದು 7.5ರಷ್ಟು. ವಯಲೂರಿನ ಕಡಲಂಚಿನ ಶಾಲೆ 7.5 ಎಂದು ಬರೆದರೆ ಅದು ಹತ್ತಕ್ಕೆ ಒಂಬತ್ತು; ಬೇತಮಂಗಲದ ಶಾಲೆ ಅದನ್ನೇ ಬರೆದರೆ ಹತ್ತಕ್ಕೆ ಹತ್ತು. ಹಾಗಾಗಿ ಮಿಲಿಗ್ರಾಂ ಜೊತೆಗೆ ನೀರಿನ ಬಿಸಿ, ಊರಿನ ಎತ್ತರ ಎರಡನ್ನೂ ಬರೆದು, ಶೇಕಡಾವಾರು ತುಂಬಿಕೆಯನ್ನು ಲೆಕ್ಕ ಹಾಕಿದರೆ ಮಾತ್ರ ಎರಡು ಊರುಗಳನ್ನು ಪಕ್ಕಪಕ್ಕದಲ್ಲಿ ಇಡಬಹುದು.

ಮೂರನೆಯದು ಮೀಟರು. ಕರಗಿದ ಲವಣ ಎಷ್ಟೆಂದು ತೋರಿಸುವ, ಪೆನ್ನಿನಂಥ ಟಿಡಿಎಸ್ ಮೀಟರ್ ಇಂದು ಎಲ್ಲ ಕಡೆ ಸಿಗುತ್ತದೆ. ಅದು ಲವಣವನ್ನು ತೂಗುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ನೋಡಿ, ಒಂದು ಅಂಶದಿಂದ ಗುಣಿಸಿ, ಲವಣ ಇಷ್ಟು ಎಂದು ಅಂದಾಜು ಹೇಳುತ್ತದೆ. ಆ ಅಂಶ ಕೆಲವು ಮೀಟರುಗಳಲ್ಲಿ 0.5, ಕೆಲವುಗಳಲ್ಲಿ 0.7. ಪರೀಕ್ಷೆ ಮಾಡಿ ನೋಡುವುದು ಸುಲಭ. ಒಂದು ಲೀಟರ್ ಭಟ್ಟಿ ಇಳಿಸಿದ ನೀರಿಗೆ ತೂಗಿ ಒಂದು ಗ್ರಾಂ ಶುದ್ಧ ಉಪ್ಪು ಹಾಕಿ. ಮೊದಲನೆಯ ಬಗೆಯ ಮೀಟರು ಸುಮಾರು 1000 ತೋರಿಸುತ್ತದೆ, ಎರಡನೆಯದು 1400ರ ಹತ್ತಿರ. ನೀರು ಒಂದೇ, ಉಪ್ಪು ಒಂದೇ. ಇದನ್ನು ತಿಳಿಯದೆ ಎರಡು ಶಾಲೆಗಳು ಅಂಕಿ ಹಂಚಿಕೊಂಡರೆ, ನಡುವಿನ ಊರಿನಲ್ಲಿ ಇಲ್ಲದ ಕಾರ್ಖಾನೆಯನ್ನು ಹುಡುಕುತ್ತ ಹೊರಡಬೇಕಾದೀತು. ಅದಕ್ಕೇ ಜಾಲದ ಮೊದಲ ಪಾಠ ಹೊಳೆಯಲ್ಲಿ ಬೇಡ, ಈ ಉಪ್ಪುನೀರಿನಲ್ಲಿ ಆಗಲಿ. ಎಲ್ಲ ಶಾಲೆಗಳೂ ಅದೇ ಉಪ್ಪುನೀರನ್ನು ಮಾಡಿ, ತಮ್ಮ ಮೀಟರು ಏನು ಹೇಳುತ್ತದೆ ಎಂದು ಬರೆದುಕೊಳ್ಳಲಿ. ದೊಡ್ಡ ಪ್ರಯೋಗಾಲಯಗಳೂ ಹೀಗೆಯೇ ಒಂದೇ ಮಾದರಿಯನ್ನು ಹಂಚಿಕೊಂಡು ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುತ್ತವೆ.

ಪಳಗಿದ ವಿಜ್ಞಾನಿಗಳ ಅಳತೆಯೂ ಇಂಥ ಒಪ್ಪಂದದ ಮೇಲೆಯೇ ನಿಂತಿದೆ. ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕಕ್ಕೆ ಬಿಒಡಿ ಎನ್ನುತ್ತಾರೆ. ಸೀಸೆಯನ್ನು ಐದು ದಿನ ಕತ್ತಲಲ್ಲಿಟ್ಟು ನೋಡುವ ಪದ್ಧತಿ ಬ್ರಿಟನ್ನಿನಿಂದ ಬಂತು. ಅಲ್ಲಿನ ಯಾವ ನದಿಗೂ ಸಮುದ್ರ ಸೇರಲು ಐದು ದಿನಕ್ಕಿಂತ ಹೆಚ್ಚು ಬೇಡ ಎಂಬುದು ಆ ಐದರ ಹಿಂದಿನ ಲೆಕ್ಕ ಎನ್ನುತ್ತಾರೆ. ನಮ್ಮ ನೀರು ಬೆಚ್ಚಗಿನದು, ಬ್ಯಾಕ್ಟೀರಿಯಾಗಳ ಕೆಲಸವೂ ಬೇಗ. ಹಾಗಾಗಿ ಭಾರತದ ಮಾನಕ 27 ಡಿಗ್ರಿಯಲ್ಲಿ ಮೂರು ದಿನ. ಅಳತೆಗೂ ಒಂದು ಊರು ಇರುತ್ತದೆ.

ನೀರಿಲ್ಲದ ಹೊಳೆಯ ನೀರು

ಇಲ್ಲಿ ಪಾಲಾರ್ ಒಂದು ಕಠಿಣ ಪ್ರಶ್ನೆ ಕೇಳುತ್ತದೆ. ಹ್ಯೂರನ್ ನದಿಯಂತೆ ಇದು ವರ್ಷವಿಡೀ ಹರಿಯುವುದಿಲ್ಲ. ವರ್ಷದ ಬಹುಪಾಲು ಪಾತ್ರದಲ್ಲಿ ಮರಳು, ಜಾಲಿ. ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲೇ ಗಮನಿಸಿದಂತೆ, ಈ ಸೀಮೆಯಲ್ಲಿ ಕೆರೆಗಳನ್ನು ಎಷ್ಟು ಒತ್ತಾಗಿ ಕಟ್ಟಿದ್ದಾರೆಂದರೆ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ. ಕೆರೆಯಿಂದ ಕೆರೆಗೆ ಕೋಡಿ ಹರಿದು, ಉಳಿದದ್ದೇ ಹೊಳೆಗೆ. ಹೀಗಿರುವಾಗ ನದಿಯ ನೀರನ್ನು ಅಳೆಯುವುದು ಎಲ್ಲಿ?

ಉತ್ತರ ನೆಲದ ಕೆಳಗಿದೆ. ಪಾಲಾರ್ ತನ್ನ ಮರಳಿನ ಕೆಳಗೆ, ಕಲ್ಲಿನ ಬಿರುಕುಗಳ ಒಳಗೆ ಇದೆ. ಕೆರೆ, ತೆರೆದ ಬಾವಿ, ಬೋರ್‌ವೆಲ್ ಇವೆಲ್ಲ ಆ ಕಾಣದ ಹೊಳೆಯ ಕಿಟಕಿಗಳು. ಬೇತಮಂಗಲದ ಶಾಲೆಯ ತಂಡ ಕೆರೆ ನೀರನ್ನೂ ಏರಿಯ ಕೆಳಗಿನ ಬಾವಿಯನ್ನೂ ಶಾಲೆಯ ಬೋರ್‌ವೆಲ್ಲನ್ನೂ ಒಟ್ಟಿಗೆ ಅಳೆದರೆ ನದಿಯ ಮೂರು ಮುಖ ಕಂಡಂತೆ.

ಬೋರ್‌ವೆಲ್ಲಿನ ಮುಖ ಎಚ್ಚರಿಕೆಯದು. ಕೋಲಾರ ಜಿಲ್ಲೆಯ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಇಳಿದಿವೆ. ಅಷ್ಟು ಆಳದ ನೀರು ಗ್ರಾನೈಟ್ ಮತ್ತು ನೈಸ್ ಬಂಡೆಗಳ ಜೊತೆ ಬಹುಕಾಲ ಒಡನಾಡಿದೆ. ಆ ಬಂಡೆಗಳ ಅಭ್ರಕ, ಅಪಟೈಟ್, ಫ್ಲೋರೈಟ್ ಖನಿಜಗಳಿಂದ ಫ್ಲೋರೈಡ್ ಬಿಡಿಸಿಕೊಂಡು ಬರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡ್ ಹೆಚ್ಚು ಕರಗಿ ನಿಲ್ಲುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು, 1.5 ಕೊನೆಯ ಮಿತಿ. ಮೀರಿದ ಕಡೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ವರ್ಷಗಟ್ಟಲೆ ಕುಡಿದವರಿಗೆ ಕೀಲು ಮೂಳೆ ಬಿಗಿತ. ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ, ಹತ್ತು ಊರಿನ ಶಾಲೆಗಳು ತಮ್ಮ ಬೋರ್‌ವೆಲ್ ಆಳವನ್ನೂ ಫ್ಲೋರೈಡನ್ನೂ ಒಟ್ಟಿಗೆ ಬರೆದರೆ, ಎಷ್ಟು ಆಳಕ್ಕೆ ಇಳಿದರೆ ಎಷ್ಟು ಅಪಾಯ ಎಂಬ ಗೆರೆ ಅವರೆದುರೇ ಮೂಡುತ್ತದೆ. ಕೆರೆ ತುಂಬಿದ ವರ್ಷ ಪಕ್ಕದ ಬಾವಿಯ ಫ್ಲೋರೈಡ್ ಇಳಿಯಿತೇ ಎಂದು ನೋಡಬಹುದು. ಕೆರೆ ಉಳಿಸಬೇಕೆಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ವಾದ ನನಗೆ ಗೊತ್ತಿಲ್ಲ.

ತಪ್ಪದೆ ಅಳೆಯಲು ಇನ್ನೊಂದು ಕಾರಣವೂ ಇದೆ. 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆಗಳು ತುಂಬಿದವು, ಬಾವಿಗಳಿಗೆ ಜೀವ ಬಂತು. ಆರಂಭದಲ್ಲೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದು ವಿಷಯ ನ್ಯಾಯಾಲಯದವರೆಗೂ ಹೋಯಿತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬುದು ರೈತರ ಬೇಡಿಕೆ. ನೀರು ಬೇಕು, ನಂಬಿಕೆಯೂ ಬೇಕು ಎಂಬಲ್ಲಿ ಇಡೀ ಜಿಲ್ಲೆ ನಿಂತಿದೆ. ಆ ನಂಬಿಕೆಗೆ ಆಧಾರವಾಗಬಲ್ಲದ್ದು ತಿಂಗಳು ತಿಂಗಳು ತಪ್ಪದೆ, ಎಲ್ಲರ ಕಣ್ಣೆದುರು ಬರೆದಿಟ್ಟ ಅಂಕಿ.

ಕಪ್ಪಾಗುವ ಸೀಸೆ, ಕಾಣದ ಲೋಹ

ಶಾಲೆಗೆ ಹೇಳಿ ಮಾಡಿಸಿದ ಪರೀಕ್ಷೆಯೊಂದು ನಮ್ಮ ದೇಶದಲ್ಲೇ ಹುಟ್ಟಿದೆ. ಮಂಜ, ಮೌರ್ಯ, ರಾವ್ ಎಂಬ ಮೂವರು ವಿಜ್ಞಾನಿಗಳು 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ವಿಧಾನ ಅದು. ಪುಟ್ಟ ಸೀಸೆಯೊಳಗೆ ಪೋಷಕಾಂಶ, ಥಯೋಸಲ್ಫೇಟ್ ಮತ್ತು ಕಬ್ಬಿಣದ ಲವಣ ಹೀರಿಸಿ ಒಣಗಿಸಿದ ಕಾಗದದ ತುಂಡು. ಅದಕ್ಕೆ ಪರೀಕ್ಷಿಸಬೇಕಾದ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ ಸಾಕು. ಮಲದ ಜೊತೆ ಬರುವ ಬ್ಯಾಕ್ಟೀರಿಯಾಗಳು ನೀರಿನಲ್ಲಿದ್ದರೆ ಅವು ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುತ್ತವೆ, ಅದು ಕಬ್ಬಿಣದ ಜೊತೆ ಸೇರಿ ಮಾರನೆಯ ದಿನದ ಹೊತ್ತಿಗೆ ಸೀಸೆ ಕಪ್ಪಾಗುತ್ತದೆ. ವಿದ್ಯುತ್ ಬೇಡ, ಸೂಕ್ಷ್ಮದರ್ಶಕ ಬೇಡ. ನಿನ್ನೆ ಬೆಳ್ಳಗಿದ್ದ ಬಾವಿ ನೀರು ಇಂದು ಮಸಿಯಂತಾದದ್ದನ್ನು ಮನೆಗೆ ಹೋಗಿ ಹೇಳಿದ ಮಗುವಿನ ಮಾತಿಗೆ ಮನೆಯಲ್ಲಿ ನೀರು ಕಾಯಿಸಿಯೇ ಕಾಯಿಸುತ್ತಾರೆ. ಪರೀಕ್ಷೆ ಮುಗಿದ ಸೀಸೆಗೆ ಬ್ಲೀಚಿಂಗ್ ಪುಡಿ ಹಾಕಿ ಚೆಲ್ಲುವುದನ್ನೂ ಪಾಠದ ಭಾಗವಾಗಿಯೇ ಕಲಿಸಬೇಕು.

ಮಕ್ಕಳ ಕೈಗೆ ಎಟುಕದ್ದೂ ಇದೆ, ಅದನ್ನು ಅವರಿಗೆ ನೇರವಾಗಿ ಹೇಳಬೇಕು. ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು, ಸೈನೈಡ್ ದಿಬ್ಬಗಳು ಉಳಿದವು. ಚಿನ್ನ ಬಿಡಿಸಲು ಬಳಸಿದ ಸೈನೈಡ್ ಬಿಸಿಲಿಗೆ ಕಾಲಕ್ರಮೇಣ ಒಡೆಯುತ್ತದೆ. ಕಲ್ಲಿನ ಪುಡಿಯಲ್ಲಿರುವ ಲೋಹ ಒಡೆಯುವುದಿಲ್ಲ. ಕೆಳಗೆ ವಾಣಿಯಂಬಾಡಿ, ಆಂಬೂರಿನ ಚರ್ಮದ ಕಾರ್ಖಾನೆಗಳ ಕಥೆಯೂ ಹಾಗೆಯೇ. ಪಾಲಾರಿಗೆ ಅವು ಬಿಟ್ಟ ನೀರಿನಿಂದ ಸುಮಾರು 35,000 ಹೆಕ್ಟೇರ್ ಸಾಗುವಳಿ ಭೂಮಿ ಕೆಟ್ಟಿತೆಂಬ ವರದಿ ಸುಪ್ರೀಂ ಕೋರ್ಟ್ ಮುಂದೆ ಬಂತು. 1996ರ ಆಗಸ್ಟ್ 28ರಂದು ಬಂದ ಆ ತೀರ್ಪೇ, ಕೆಡಿಸಿದವನೇ ದಂಡ ತೆರಬೇಕೆಂಬ ತತ್ವವನ್ನು ನಮ್ಮ ಪರಿಸರ ಕಾನೂನಿನಲ್ಲಿ ಭದ್ರಪಡಿಸಿತು. 2025ರ ಜನವರಿಯಲ್ಲೂ ನ್ಯಾಯಾಲಯ ಅದೇ ನದಿಯ ಬಗ್ಗೆ ಮತ್ತೆ ತೀರ್ಪು ಕೊಡಬೇಕಾಯಿತು. ಚರ್ಮ ಹದಮಾಡಲು ಬಳಸುವ ಕ್ರೋಮಿಯಂ ಶಾಲೆಯ ಮೀಟರಿಗೆ ಕಾಣುವುದಿಲ್ಲ. ತೊಗಲು ಕೆಡದಂತೆ ಸವರಿದ ಉಪ್ಪು ತೊಳೆದು ನೀರಿಗೆ ಬಂದಾಗ ಅದು ಕಾಣುತ್ತದೆ. ಒಂದೆಡೆ ಟಿಡಿಎಸ್ ದಿಢೀರನೆ ಏರಿದ್ದನ್ನು ಮಕ್ಕಳು ಗುರುತಿಸಿದರೆ, ಲೋಹ ಹುಡುಕಲು ದೊಡ್ಡ ಪ್ರಯೋಗಾಲಯದವರು ಎಲ್ಲಿಗೆ ಬರಬೇಕೆಂದು ಗೊತ್ತಾಗುತ್ತದೆ. ಹೊಗೆ ಕಂಡಲ್ಲಿ ಕೂಗುವುದು ಮಕ್ಕಳ ಕೆಲಸ. ಬೆಂಕಿ ಯಾವುದೆಂದು ಹೇಳುವುದು ಪ್ರಯೋಗಾಲಯದ ಕೆಲಸ.

ಒಂದೇ ಹಾಳೆ, ಮೂರು ಭಾಷೆ

ಇಷ್ಟೆಲ್ಲ ಹಂಚಿಕೊಳ್ಳಲು ಇಂದು ಬೇಕಿರುವುದು ಶಿಕ್ಷಕರ ಕೈಯಲ್ಲಿ ಈಗಾಗಲೇ ಇದೆ: ಒಂದು ಮೊಬೈಲ್, ಎಲ್ಲರೂ ತೆರೆದು ತುಂಬಬಹುದಾದ ಒಂದು ಗೂಗಲ್ ಶೀಟ್, ಒಂದು ವಾಟ್ಸ್ಆ್ಯಪ್ ಗುಂಪು. ಹಾಳೆಯ ಅಂಕಣಗಳು ಸರಳ. ಊರು, ಜಾಗ, ದಿನಾಂಕ, ಗಂಟೆ, ನೀರಿನ ಬಿಸಿ, ಕಳೆದ ಮೂರು ದಿನ ಮಳೆ ಬಂತೇ, ಮೂರು ಸಲ ಅಳೆದ ಮೂರು ಅಂಕಿ, ಯಾವ ಮೀಟರು, ಒಂದು ಫೋಟೋ. ಮೂರು ಸಲದ ಅಂಕಿಗಳಲ್ಲಿ ಚೆನ್ನಾಗಿ ಕಂಡದ್ದನ್ನು ಆರಿಸುವುದು ಬೇಡ, ಮೂರನ್ನೂ ಬರೆಯಬೇಕು. ಪಕ್ಕದ ಊರಿನ ಅಂಕಿ ವಿಚಿತ್ರವಾಗಿ ಕಂಡರೆ ಅದನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ. ಕೇಳುವ ಹಕ್ಕು ಎಲ್ಲರಿಗೂ ಇದೆ. ‘ನಿಮ್ಮ ಬಾವಿಯಲ್ಲಿ ನೈಟ್ರೇಟ್ ಯಾಕೆ ಇಷ್ಟು?’ ಎಂದು ಕುಪ್ಪಂ ಕಡೆಯ ಹುಡುಗಿ ಕೇಳಿದಾಗ, ಬಾವಿಯ ಪಕ್ಕದ ತಿಪ್ಪೆಯನ್ನು ಬೇತಮಂಗಲದ ಹುಡುಗ ಮೊದಲ ಸಲ ನಿಜವಾಗಿ ನೋಡುತ್ತಾನೆ. ದಿನವೂ ಹಾದುಹೋಗುವವನ ಕಣ್ಣಿಗೆ ಬೀಳದ್ದು ದೂರದವಳ ಪ್ರಶ್ನೆಯಿಂದ ಕಾಣುತ್ತದೆ. ಬೇರೆ ಬೇರೆ ಶಾಲೆಗಳು ಸೇರಿ ಕಲಿಯುವುದರ ದೊಡ್ಡ ಲಾಭ ಇದೇ.

ಭಾಷೆಯ ಅಂಜಿಕೆ ಈ ಸೀಮೆಗೆ ಬೇಡ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ತಮಿಳು ಆಡುವ ಮಕ್ಕಳು ಇಲ್ಲಿ ಬೀದಿ ಬೀದಿಗೂ ಸಿಗುತ್ತಾರೆ. ಪಾಲಾರಿನ ಮೂರು ರಾಜ್ಯಗಳ ಶಾಲೆಗಳ ನಡುವೆ ಮಾತು ಬೆಸೆಯಲು ಬೇತಮಂಗಲ, ಬಂಗಾರಪೇಟೆ, ಕೆಜಿಎಫ್ ಮಕ್ಕಳಿಗಿಂತ ತಕ್ಕವರು ಯಾರಿದ್ದಾರೆ? ನೀರಿನ ಪಾಲಿನ ಬಗ್ಗೆ ಮೈಸೂರು ಮತ್ತು ಮದ್ರಾಸು 1892ರಲ್ಲಿ ಮಾಡಿಕೊಂಡ ಒಪ್ಪಂದದ ಪಟ್ಟಿಯಲ್ಲಿ ಪಾಲಾರ್ ಕೂಡ ಇದೆ. ಆ ಒಪ್ಪಂದ ಮಾತಾಡುವುದು ನೀರಿನ ಪ್ರಮಾಣದ ಬಗ್ಗೆ. ನೀರಿನ ಗುಣದ ಬಗ್ಗೆ ಒಂದು ಒಪ್ಪಂದ ಮಾಡಿಕೊಳ್ಳಲು ಮಕ್ಕಳಿಗೆ ಸರ್ಕಾರಗಳ ಮುದ್ರೆ ಬೇಕಿಲ್ಲ. ಒಂದೇ ಗಂಟೆಗೆ, ಒಂದೇ ಬಗೆಯಲ್ಲಿ ಅಳೆಯುತ್ತೇವೆ ಎಂಬ ಮಾತು ಸಾಕು.

ನೀರುಗಂಟಿಯ ಅಳತೆ

1903ರ ನವೆಂಬರ್‌ನಲ್ಲಿ ಮೈಸೂರು ಸೀಮೆಯ ಕೆರೆಗಳು ಒಡೆದು ಪಾಲಾರ್ ಉಕ್ಕಿ, ಕೆಳಗಿನ ವಾಣಿಯಂಬಾಡಿಯ ಮೇಲೆ ನುಗ್ಗಿತು. ಜನ ಕೊಚ್ಚಿಹೋದರು. ಬೇತಮಂಗಲ ಸೀಮೆಗೂ ವಾಣಿಯಂಬಾಡಿಗೂ ಇರುವ ನಂಟು ಅಂದು ಹಾಗೆ ದುರಂತವಾಗಿ ತೋರಿಬಂತು. 2021ರ ನವೆಂಬರ್‌ನ ಮಳೆಗೆ ಕೋಲಾರದ ಕೆರೆಗಳು ಮತ್ತೆ ಕೋಡಿ ಹರಿದಾಗ ವೆಲ್ಲೂರಿನವರೆಗೂ ಪಾಲಾರ್ ದಡ ತುಂಬಿ ಹರಿಯಿತು. ಕೋಡಿ ನೋಡಲು ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ಹೊಳೆ ತುಂಬಿದಾಗ ಮೇಲಿನವರೂ ಕೆಳಗಿನವರೂ ಒಂದೇ ಎಂಬುದು ಯಾರಿಗೂ ಹೇಳಿಕೊಡಬೇಕಿಲ್ಲ. ಹೊಳೆ ಬತ್ತಿದಾಗ, ನೀರು ಕೆಟ್ಟಾಗಲೂ ಅದನ್ನು ನೆನಪಿಡಬೇಕು.

ನಮ್ಮ ಊರುಗಳಲ್ಲಿ ನೀರುಗಂಟಿ ಎಂಬವನಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು ಅವನ ಕೆಲಸ. ಅವನಿಗೆ ಪೊಲೀಸರ ಬಲವಿರಲಿಲ್ಲ. ತೂಬಿನ ಹತ್ತಿರದವನಿಗೂ ಕಾಲುವೆಯ ಕೊನೆಯವನಿಗೂ ಒಂದೇ ಅಳತೆ ಎಂಬ ನಂಬಿಕೆಯೇ ಅವನ ಬಲ. ಅಳತೆ ಬೇರೆಯಾದ ದಿನ ಅವನ ಮಾತು ಯಾರೂ ಕೇಳುತ್ತಿರಲಿಲ್ಲ.

ಏರಿಯ ಮೇಲೆ ಸೀಸೆ ಹಿಡಿದು, ಒಳಗೆ ಹೊಂಬಣ್ಣ ತುಂಬುವುದನ್ನು ಕಾಯುತ್ತ ನಿಂತ ಹುಡುಗಿಯ ಕೈಯಲ್ಲಿ ಆ ಹಳೆಯ ಕೆಲಸವೇ ಇದೆ. ಅವಳ ಕಾಲುವೆ ಈಗ 348 ಕಿಲೋಮೀಟರ್ ಉದ್ದ. ಗಂಟೆ ನೋಡಿ, ನೀರಿನ ಬಿಸಿ ಬರೆದು, ಮೂರು ಅಂಕಿಗಳನ್ನೂ ತಿದ್ದದೆ ಹಾಳೆಗೆ ತುಂಬಿ ಅವಳು ಕಳಿಸುತ್ತಾಳೆ. ಕೆಳಗಿನ ಊರಿನಲ್ಲಿ ಇನ್ನೊಬ್ಬ ಹುಡುಗ ಅದೇ ಗಂಟೆಗೆ ಬಾವಿಗೆ ಬಿಂದಿಗೆ ಇಳಿಸಿದ್ದಾನೆ.